ಹಂದಿಗೆಂದು ಕಟ್ಟಿದ ಸೀರೆ, ಹೆದರಿದ್ದು ಬಸ್ಸು

ನಮ್ಮೂರ ಸಂಜೆ ಬಸ್ಸನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿದ ಮಾನ್ಯ ಸಾರಿಗೆ ಅಧಿಕಾರಿಗಳೇ,

ತಾವು ಹೆದರಿಕೊಂಡಿರುವ ಮೋಹಿನಿ ಉಟ್ಟಿರುವ ಸೀರೆ ನನ್ನದು. ಇದನ್ನು ಸಿಕ್ಕವರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಎದುರು ನಿಂತು ಹೇಳಿದರೆ ತಾವು ನಂಬುವುದಿಲ್ಲ, ಫೋನಿನಲ್ಲಿ ಬಂದರೆ ಮಾತ್ರ ನಂಬುತ್ತೀರಿ ಎಂದು ಗೊತ್ತಾದ ಮೇಲೆ ಈ ಪತ್ರ ಬರೆದು, ಮಗಳ ಕೈಯಲ್ಲಿ ಎಲ್ಲ ಗುಂಪುಗಳಿಗೂ ಹಾಕಿಸುತ್ತಿದ್ದೇನೆ. ಪತ್ರಿಕೆಯವರೂ ಅಚ್ಚು ಹಾಕಿದರೆ ಸಂತೋಷ.

ನಮ್ಮೂರು ಹಕ್ಕಲಮನೆ, ಹುಂಚದಿಂದ ಒಳಗೆ. ಸಂಜೆ ತೀರ್ಥಹಳ್ಳಿಯಿಂದ ಬಂದು, ರಾತ್ರಿ ಶಾಲೆಯ ಎದುರು ನಿಂತು, ಬೆಳಿಗ್ಗೆ ಹಿಂದಿರುಗುವ ಒಂದೇ ಒಂದು ಬಸ್ಸು ನಮಗಿತ್ತು. ನನ್ನ ಮಗಳು ಧನ್ಯಶ್ರೀ ಅದರಲ್ಲೇ ಹೋಗಿ ಬಂದು ಲ್ಯಾಬ್ ಟೆಕ್ನಿಷಿಯನ್ ಓದುತ್ತಿದ್ದಳು. ಈಗ ಆ ಬಸ್ಸು ಕಾಡಿನಾಚೆಯ ಕ್ರಾಸಿನಲ್ಲೇ ನಿಲ್ಲುತ್ತದೆ. ‘ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುತ್ತಿರುವ ದೃಶ್ಯಾವಳಿಗಳ ಹಿನ್ನೆಲೆಯಲ್ಲಿ, ಪ್ರಯಾಣಿಕರ ಹಾಗೂ ಸಿಬ್ಬಂದಿಯ ಸುರಕ್ಷತೆಯ ದೃಷ್ಟಿಯಿಂದ, ಮುಂದಿನ ಆದೇಶದವರೆಗೆ’ ಎಂದು ತಾವು ಬರೆದಿದ್ದೀರಿ. ಚಂದದ ಕನ್ನಡ. ದೆವ್ವ ಎಂಬ ಪದವನ್ನೇ ಬಳಸದೆ ದೆವ್ವಕ್ಕೆ ಹೆದರುವ ವಿದ್ಯೆಯನ್ನು ಸರ್ಕಾರಿ ಕಚೇರಿಯಿಂದಲೇ ಕಲಿಯಬೇಕು.

ನಡೆದದ್ದು ಇಷ್ಟು. ಸಿಗಂದೂರಿಗೆ ಹೋಗಿ ವಾಪಸ್ಸಾಗುತ್ತಿದ್ದ ಬಯಲುಸೀಮೆಯ ಯಾತ್ರಿಗಳು ಮೊಬೈಲಿನ ಮ್ಯಾಪ್ ನಂಬಿ ನಮ್ಮೂರ ದಾರಿಗೆ ಬಂದರು. ಹೊತ್ತು ಮುಳುಗಿತ್ತು. ನಮ್ಮ ಗದ್ದೆಯ ತಿರುವಿನಲ್ಲಿ ಕಾರಿನ ಬೆಳಕಿಗೆ ಸೀರೆಯೊಂದು ಅಲುಗಾಡಿದ್ದು ಕಂಡಿತು. ಕಿರುಚಿದರು, ಕಾರನ್ನು ಹಿಂದಕ್ಕೆ ಓಡಿಸಿದರು, ಆದರೂ ವಿಡಿಯೋ ಮಾಡುವುದನ್ನು ಮಾತ್ರ ಬಿಡಲಿಲ್ಲ. ಪ್ರಾಣ ಹೋಗುವಾಗಲೂ ಕೈಯಿಂದ ಫೋನು ಜಾರದ ಕಾಲವಿದು. ಮಾರನೆಯ ದಿನ ಬೆಳಗ್ಗೆ ಸಾಗರದಿಂದ ಹೊಸನಗರದವರೆಗೆ ಎಲ್ಲರ ಫೋನಿನಲ್ಲೂ ‘ಹುಂಚದ ಕಾಡಿನಲ್ಲಿ ಸುಟ್ಟ ಮೋಹಿನಿ!’ ಎಂಬ ಸುದ್ದಿ.

ಮಾನ್ಯರೇ, ತಾವು ಬತ್ತ ಬೆಳೆದಿಲ್ಲದಿರಬಹುದು. ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿ ನುಗ್ಗದಿರಲೆಂದು ನಾವು ಗದ್ದೆಯ ಸುತ್ತ ಗೂಟ ಹುಗಿದು ಹಳೇ ಸೀರೆ ಕಟ್ಟುತ್ತೇವೆ. ಒಗೆದ ಸೀರೆ ಆಗುವುದಿಲ್ಲ, ಉಟ್ಟು ಬಿಟ್ಟದ್ದೇ ಬೇಕು. ಮನುಷ್ಯರ ವಾಸನೆಗೆ ಹಂದಿ ದೂರ ಎಂದು ನಮ್ಮ ಅತ್ತೆ ಹೂವಮ್ಮನವರ ಕಟ್ಟಪ್ಪಣೆ. ಆ ತಿರುವಿನಲ್ಲಿ ಕಟ್ಟಿದ್ದು ನನ್ನ ತಿಳಿಹಳದಿ ಸೀರೆ. ನಾದಿನಿಯ ಮದುವೆಯ ದಿನ ನಮ್ಮ ಯಜಮಾನರು ರಾಜೇಂದ್ರ ಉಪಕಾರ ಮಾಡುತ್ತೇನೆಂದು ಅದಕ್ಕೆ ಇಸ್ತ್ರಿ ಹಾಕಲು ಹೋಗಿ, ಫೋನು ಬಂತೆಂದು ಮಾತಾಡುತ್ತಾ ನಿಂತು ಸೆರಗಿನ ಹತ್ತಿರ ಸುಟ್ಟಿದ್ದರು. ಆ ಕಲೆಗೆ ಯೂಟ್ಯೂಬಿನವರು ಕೆಂಪು ಬಣ್ಣದಲ್ಲಿ ಸುತ್ತು ಹಾಕಿ, ‘ಅತ್ತೆ ಮನೆಯವರು ಬೆಂಕಿ ಹಚ್ಚಿದ ಗುರುತು’ ಎಂದು ತೋರಿಸಿದರು. ನಮ್ಮತ್ತೆ ಅದನ್ನು ನೋಡಿ ಎರಡು ಹೊತ್ತು ಊಟ ಬಿಟ್ಟರು.

ಆಮೇಲೆ ಸಾಗರದ ಕಡೆಯಿಂದ ತೀರ್ಥೇಶ್ ಎಂಬ ಯೂಟ್ಯೂಬ್ ಚಾನೆಲ್ಲಿನವರೊಬ್ಬರು ಬಂದರು. ಅವರ ಕೈಯಲ್ಲಿ ದೀಪ ಮಿನುಗುವ ಒಂದು ಯಂತ್ರ. ದೆವ್ವ ಹತ್ತಿರ ಬಂದರೆ ಅದು ಕುಂಯ್‌ಗುಡುತ್ತದಂತೆ. ನಮ್ಮ ಎಮ್ಮೆಯ ಹತ್ತಿರ ಹೋದಾಗಲೂ ಕುಂಯ್‌ಗುಟ್ಟಿತು, ಪಂಪ್‌ಸೆಟ್ಟಿನ ಹತ್ತಿರವೂ ಕುಂಯ್‌ಗುಟ್ಟಿತು. ಗದ್ದೆಯಂಚಿನಲ್ಲಿ ಅವರಿಗೆ ಕಿಣಿಕಿಣಿ ಗೆಜ್ಜೆಯ ಸದ್ದು ಕೇಳಿಸಿತು. ಅದು ಗಾಳಿಗೆ ತಾಗಿ ಸದ್ದು ಮಾಡಲೆಂದು ನಾವೇ ಜೋಡಿಸಿ ತೂಗುಹಾಕಿದ ಖಾಲಿ ಬಾಟಲಿಗಳದು. ಬಾಟಲಿಗಳು ಎಲ್ಲಿಂದ ಬಂದವೆಂದು ಕೇಳಬೇಡಿ, ಊರ ಗಂಡಸರ ಮಾನದ ಪ್ರಶ್ನೆ. ಬೇಲಿಯ ಬುಡದಲ್ಲಿ ಕೂದಲಿನ ರಾಶಿ ಸಿಕ್ಕಿದ್ದೇ ಅವರು ಕ್ಯಾಮೆರಾದ ಎದುರು ಗದ್ಗದಿತರಾದರು.

ನಾನು ಅಲ್ಲೇ ಇದ್ದೆ. “ಅಣ್ಣಾ, ಅದು ಕಟಿಂಗ್ ಶಾಪಿಂದು. ಹಂದಿ ಮೂಸೋಕೆ ಬಂದ್ರೆ ಮೂಗಿಗೆ ಹೋಗ್ಲಿ ಅಂತ ಹಾಕದು. ಚೀಲಗಟ್ಲೆ ತಂದಿದೀವಿ” ಎಂದೆ.

“ಅಕ್ಕಾ, ನೀವು ಹಿಂಗೆ ಹೇಳಿದ್ರೆ ಯಾರು ನೋಡ್ತಾರೆ? ಸ್ವಲ್ಪ ಹೆದ್ರಿಕೊಂಡು ಹೇಳಿ” ಎಂದರು.

ಆ ಕೂದಲು ಹೊಸನಗರದ ಅಂಗಡಿಯದು. ಅದರಲ್ಲಿ ಮೇಷ್ಟರ ನರೆಕೂದಲಿದೆ, ಮದುವೆಗೆ ನಿಂತ ಹುಡುಗರ ಬಣ್ಣ ಹಚ್ಚಿದ ಕೂದಲಿದೆ. ತಾವೂ ಅಲ್ಲೇ ಕ್ಷೌರ ಮಾಡಿಸಿಕೊಳ್ಳುವುದಾದರೆ, ತಾವು ಹೆದರಿದ ಮೋಹಿನಿಯ ಜಡೆಯಲ್ಲಿ ತಮ್ಮ ಪಾಲೂ ಇರಬಹುದು. ಯಾವುದಕ್ಕೂ ಒಮ್ಮೆ ವಿಚಾರಿಸಿಕೊಳ್ಳಿ.

ತಮ್ಮ ಆದೇಶ ಬಂದ ದಿನ ಅತ್ತೆ ಹೊಸಿಲ ಮೇಲೆ ಕೂತು, “ಎಂತ ಮಾರಾಯ್ತಿ ಇದು! ಹಂದಿ ಓಡ್ಸಕ್ಕೆ ಅಂತ ಕಟ್ಟಿದ್ರೆ ಬಸ್ಸೇ ಓಡೋಯ್ತಲ್ಲೇ” ಎಂದರು. ಬಸ್ಸಿಗಿಂತ ಹಂದಿಗೇ ಧೈರ್ಯ ಹೆಚ್ಚು ಎಂದು ನನಗೂ ಅನ್ನಿಸಿತು.

ನಾನು ತಮ್ಮ ಕಚೇರಿಗೂ ಬಂದಿದ್ದೆ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. “ಅಕ್ಕಾ, ಸುಳ್ಳು ಅಂತ ನಮ್ಗೂ ಗೊತ್ತು. ಆದ್ರೆ ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?” ಎಂದರು. ಎಂತ ಆಗುತ್ತದೆ ಎಂದು ಕೇಳಿದೆ. “ಅದೇ... ಏನಾದ್ರೂ” ಎಂದರು. ಕೊನೆಗೆ, ನಮ್ಮೂರಲ್ಲಿ ಅಂಥದ್ದೇನೂ ಇಲ್ಲವೆಂದು ಪಂಚಾಯಿತಿಯಿಂದ ನಿರಾಕ್ಷೇಪಣಾ ಪತ್ರ ತರಲು ಹೇಳಿದರು. ಪಂಚಾಯಿತಿಯವರು, ಸತ್ತವರ ದಾಖಲೆ ಇದೆ, ಸತ್ತು ವಾಪಸ್ ಬಂದವರ ದಾಖಲೆ ಇಡುವ ಪದ್ಧತಿ ಇಲ್ಲ ಎಂದರು. ಯಾರ ನಿರಾಕ್ಷೇಪಣೆ ತರಲಿ, ಮಾನ್ಯರೇ? ಮೋಹಿನಿಯದೇ?

ಹಾಳಾಗಿ ಹೋಗಲಿ ಎಂದು ಸೀರೆಗಳನ್ನೆಲ್ಲ ಬಿಚ್ಚಿ ತಂದೆವು. ಆ ರಾತ್ರಿಯೇ ಹಂದಿಗಳು ಬಂದು ಗದ್ದೆಯ ಒಂದು ಮಗ್ಗುಲನ್ನು ಉತ್ತು ಹಾಕಿದವು. ‘ಮಾಯವಾದ ಮೋಹಿನಿ: ನಿಧಿಗಾಗಿ ಗದ್ದೆ ಅಗೆದವರಾರು?’ ಎಂದು ತೀರ್ಥೇಶರು ಇನ್ನೊಂದು ವಿಡಿಯೋ ಹಾಕಿದರು. ಆಗಲಾದರೂ ಬಸ್ಸು ಬರಬೇಕಿತ್ತಲ್ಲವೇ? ಇಲ್ಲ. ಈಗ ಕಾಣಿಸುತ್ತಿಲ್ಲವಾದ್ದರಿಂದ ಎಲ್ಲಿದೆಯೆಂದು ಹೇಳಲಾಗದು, ಅಪಾಯ ಹೆಚ್ಚು ಎಂದು ತಮ್ಮ ಕಚೇರಿಯಿಂದ ಉತ್ತರ ಬಂತು. ಕಂಡರೆ ಒಂದು ಭಯ, ಕಾಣದಿದ್ದರೆ ಇನ್ನೊಂದು. ನಾವು ಸೀರೆಗಳನ್ನು ಮತ್ತೆ ಕಟ್ಟಿದೆವು.

ಯಜಮಾನರಿಗೆ ರಿಪ್ಪನ್‌ಪೇಟೆಯ ಅಕ್ಕಿ ಗಿರಣಿಯಲ್ಲಿ ಸಂಜೆ ಪಾಳಿ. ಮನೆಯ ಬೈಕು ಅವರ ಜೊತೆಗೇ ಹೋಗುತ್ತದೆ. ಹಾಗಾಗಿ ಮಗಳನ್ನು ಕರೆತರಲು ದಿನವೂ ನಾನೇ ಟಾರ್ಚು ಹಿಡಿದು ಕ್ರಾಸಿಗೆ ನಡೆಯತೊಡಗಿದೆ. ಹೋಗುವಾಗ ಬೆಳಕು, ಬರುವಾಗ ಕತ್ತಲೆ. ನನಗೆ ದೆವ್ವದ ಹೆದರಿಕೆ ಇಲ್ಲ. ಹಂದಿಯದು ಇದೆ, ಹಾವಿನದು ಇದೆ, ಮೋಹಿನಿಯನ್ನು ನೋಡಬೇಕೆಂದು ಕುಡಿದು ಬರುವ ಬೈಕಿನವರದು ಎಲ್ಲಕ್ಕಿಂತ ಹೆಚ್ಚು ಇದೆ. ಮೊದಲು ಈ ದಾರಿಯಲ್ಲಿ ಅಂಥವರು ಇರಲಿಲ್ಲ. ತಮ್ಮ ಆದೇಶದ ಫೋಟೋ ಎಲ್ಲ ಕಡೆ ಹೋದ ಮೇಲೆ, ಸರ್ಕಾರವೇ ಒಪ್ಪಿಕೊಂಡಿದೆ ಎಂದು ಬರತೊಡಗಿದರು.

ಅವರಲ್ಲೊಬ್ಬರು ಮರದ ಮರೆಯಿಂದ ನಮ್ಮ ವಿಡಿಯೋ ಮಾಡಿದರು. ಈಗ ಅದು ‘ಜೋಡಿ ಮೋಹಿನಿ’. ಒಬ್ಬಳು ಮುದುಕಿ, ಒಬ್ಬಳು ಹುಡುಗಿ. ನನಗೆ ಮಂಡಿನೋವು, ಕಾಲೆಳೆದು ನಡೆಯುತ್ತೇನೆ. ಅದಕ್ಕೂ ಕೆಂಪು ಸುತ್ತು ಹಾಕಿ, ‘ಪಾದ ಹಿಂದುಮುಂದಾಗಿರುವುದನ್ನು ಗಮನಿಸಿ’ ಎಂದು ಬರೆದರು. ಮಾನ್ಯರೇ, ತಾವು ಬಸ್ಸು ನಿಲ್ಲಿಸಿದ್ದಕ್ಕೆ ನಾವು ನಡೆದೆವು, ನಾವು ನಡೆದದ್ದನ್ನು ತೋರಿಸಿ ತಾವು ಆದೇಶವನ್ನು ಮುಂದುವರಿಸಿದಿರಿ. ಇಂಥ ಬುದ್ಧಿವಂತಿಕೆಗೆ ನಮ್ಮ ತಾಲೂಕು ಸಾಲದು.

ಯಜಮಾನರ ಅಣ್ಣ ಮುಕುಂದಯ್ಯ ಭಾವ ಮನೆಗೆ ಬಂದರು. ಅವರಿಗೆ ದೆವ್ವದಲ್ಲಿ ನಂಬಿಕೆ ಇಲ್ಲ, ದೆವ್ವದಿಂದಾಗುವ ಉಪಯೋಗದಲ್ಲಿ ಇದೆ. “ಸರೋಜ, ಓದಿದ್ದು ಸಾಕು. ಹೆಣ್ಮಗು ಕತ್ಲಲ್ಲಿ ಓಡಾಡದು ಬ್ಯಾಡ. ತೀರ್ಥಳ್ಳಿ ಕಡೆ ಒಂದು ಗಂಡಿದೆ, ನೋಡಣ” ಎಂದರು.

“ಕತ್ಲೆ ಅವಳು ತಂದಿದ್ದಲ್ಲ ಭಾವ, ಬಸ್ಸಿಲ್ಲ ಅಷ್ಟೆ. ಗಂಡು ಬ್ಯಾಡ, ಕೈಲಾದ್ರೆ ಒಂದು ಬಸ್ಸು ನೋಡಿ” ಎಂದೆ. ಅವರು ಕಾಫಿ ಕುಡಿಯದೇ ಎದ್ದು ಹೋದರು.

ಅವರನ್ನು ನಾನು ಎದುರಿಸಿದೆ. ಮಗಳನ್ನು ಎದುರಿಸಲಾಗಲಿಲ್ಲ. ಅವಳು ಆ ಜೋಡಿ ಮೋಹಿನಿಯ ವಿಡಿಯೋವನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ನಗುತ್ತಾಳೆ ಎಂದುಕೊಂಡಿದ್ದೆ. “ಅಮ್ಮ, ಕ್ಲಾಸಲ್ಲಿ ನಂಗೆ ಮೋಹಿನಿ ಅಂತಾರೆ, ಅಂದ್ಕಳ್ಲಿ. ಆದ್ರೆ ನೀ ನಡಿಯದು ನೋಡಿದ್ಯಾ? ಪಕ್ಕದಲ್ಲೇ ಇದ್ರೂ ಕತ್ಲಲ್ಲಿ ನಂಗೆ ಗೊತ್ತೇ ಆಗಿರ್ಲಿಲ್ಲ. ನಾ ನಾಳೆಯಿಂದ ಹೋಗಲ್ಲ” ಎಂದಳು. ಬೈದೆ, ಗೋಗರೆದೆ, ನೋವೇ ಇಲ್ಲವೆಂದು ಸುಳ್ಳು ಹೇಳಿದೆ. ಈ ವಾರ ಅವಳು ಕಾಲೇಜಿಗೆ ಹೋಗಿಲ್ಲ. ಹಾಜರಾತಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಇಷ್ಟು ಹೊತ್ತು ತಮಾಷೆಯಾಗಿ ಬರೆದೆ, ಇದನ್ನು ಹಾಗೆ ಬರೆಯಲು ನನ್ನಿಂದಾಗುವುದಿಲ್ಲ. ನನಗೆ ಸಂಕಟವಾಗುತ್ತಿದೆ, ತಮ್ಮ ಮೇಲೆ ಸಿಟ್ಟೂ ಬರುತ್ತಿದೆ.

ನನ್ನ ಬೇಡಿಕೆ ಒಂದೇ. ಸೋಮವಾರ ಸಂಜೆ ಬಸ್ಸು ಹಕ್ಕಲಮನೆಯ ಶಾಲೆಯವರೆಗೆ ಬರಬೇಕು. ಚಾಲಕರಿಗೆ ಭಯವಾದರೆ ಕ್ರಾಸಿನಿಂದ ಅವರ ಪಕ್ಕದಲ್ಲಿ ನಾನೇ ಕೂರುತ್ತೇನೆ. ತಮಗೂ ನೋಡಬೇಕೆನ್ನಿಸಿದರೆ ಬನ್ನಿ, ಊಟ ನಮ್ಮ ಮನೆಯಲ್ಲಿ.

ಆ ಜೋಡಿ ಮೋಹಿನಿಯ ವಿಡಿಯೋದ ಕೆಳಗೆ ಜನ ಬರೆದದ್ದನ್ನೆಲ್ಲ ನಾನು ಕೂತು ಓದಿದೆ. ಓಂ ಶಾಂತಿ ಎಂದವರಿದ್ದಾರೆ, ತಾವೂ ಕಂಡಿದ್ದೇವೆ ಎಂದು ಆಣೆ ಹಾಕಿದವರಿದ್ದಾರೆ, ಹಿನ್ನೆಲೆಯ ಹಾಡು ಯಾವುದೆಂದು ಕೇಳಿದವರಿದ್ದಾರೆ. ಲಕ್ಷಗಟ್ಟಲೆ ಜನ ನೋಡಿದ್ದಾರೆ. ಕಾಡುದಾರಿಯಲ್ಲಿ ಕಾಲೆಳೆಯುತ್ತಾ ಹೆಂಗಸೊಬ್ಬಳು, ಜೊತೆಗೆ ಬೆನ್ನಿಗೆ ಪುಸ್ತಕದ ಬ್ಯಾಗು ಹಾಕಿಕೊಂಡ ಹುಡುಗಿ. ಇವರಿಗೆ ಬಸ್ಸಿಲ್ಲವೇ ಎಂದು ಒಬ್ಬರೂ ಕೇಳಿಲ್ಲ. ಅವರು ಕೇಳದಿದ್ದರೆ ಹೋಗಲಿ. ತಾವೂ ನೋಡಿದಿರಲ್ಲ, ತಾವೂ ಕೇಳಲಿಲ್ಲ.

ಇಂತಿ,
ಜೋಡಿ ಮೋಹಿನಿಯ ವಿಡಿಯೋದಲ್ಲಿ ಟಾರ್ಚು ಹಿಡಿದು ಎಡಗಡೆ ನಡೆಯುತ್ತಿರುವವಳು,
ಸರೋಜ, ಹಕ್ಕಲಮನೆ
(ಸದ್ಯಕ್ಕೆ ಜೀವಂತ)