ಮಗ್ಗಿಯ ರಾಗದಲ್ಲಿ ಜರ್ಮನ್

ಅತ್ತೆ,

ಆಸ್ಪತ್ರೆಯ ಡ್ಯೂಟಿ ರೋಟಾ ಬದಲಾಗಿದೆ, ಏಳಕ್ಕೇ ಡ್ಯೂಟಿ, ಹೊರಟೆ. ಹುಳಿ ಫ್ರಿಜ್‌ನಲ್ಲಿದೆ, ಬಿಸಿ ಮಾಡಿಕೊಳ್ಳಿ. ವುಲ್ವರ್‌ಹ್ಯಾಂಪ್ಟನ್ ಚಳಿಗೆ ಶಾಲು ಸಾಲದು, ಹೀಟಿಂಗ್ ಆರಿಸಬೇಡಿ.

ನಾಳೆ ನಿಮ್ಮ ಮೊಮ್ಮಗಳು ಆಶ್ರಿತಾಳಿಗೆ ಜರ್ಮನ್ ಓರಲ್ ಪರೀಕ್ಷೆ. ಹೋಗಿಯಾಯಿತು, ಬರೆದಾಯಿತು ಎನ್ನುವ ಆ ಹಾಳು ರೂಪಗಳಿಗೆ ನಿಯಮವೇ ಇಲ್ಲ, ಬಾಯಿಪಾಠವೇ ಗತಿ, ಒಪ್ಪಿದೆ. ಆದರೆ ನೀವು ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಂಡು, ನಿಮ್ಮ ಮೂರನೇ ಕ್ಲಾಸಿನ ಮಕ್ಕಳಿಗೆ ಮಗ್ಗಿ ಹೇಳಿಸಿದ ಹಾಗೆ ರಾಗವಾಗಿ ಹೇಳಿಸಿದ್ದೀರಿ. ಮೊನ್ನೆ ಟೀಚರ್ 'ಬರೆ' ಎಂಬುದರ ರೂಪ ಕೇಳಿದರೆ, ಇವಳು ಮೊದಲ ಸಾಲಿನಿಂದ ಗುನುಗುತ್ತಾ ಹದಿನೇಳನೆಯ 'ಗೆಶ್ರೀಬೆನ್' ತಲುಪುವವರೆಗೆ ಪಾಪ ಅವರು ಕಾದು ನಿಂತಿದ್ದರಂತೆ. ಇವತ್ತು ದಯವಿಟ್ಟು ಹಿಂದುಮುಂದಾಗಿ ಕೇಳಿ. ತಾಳ ಹಾಕಬೇಡಿ.

ಒಂದೊಂದಕ್ಕೂ ಕನ್ನಡದ ಅರ್ಥ ಹೇಳಿಸುವುದನ್ನು ಮಾತ್ರ ಬಿಡಬೇಡಿ. ಪರೀಕ್ಷೆಗೆ ಅದೆಲ್ಲ ಯಾಕೆಂದು ರೇಗಿದವಳು ನಾನೇ. ನಿನ್ನೆ ಆಸ್ಪತ್ರೆಯಿಂದ ಫೋನ್ ಮಾಡಿ ಊಟ ಆಯಿತಾ ಎಂದೆ. ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು "ಗೆಗೆಸ್ಸೆನ್, ತಿಂದಾಯ್ತು" ಎಂದಳು.

ಇನ್ನೊಂದು ಸಲ ಹೇಳಲೆಂದು, ಕೇಳಿಸಲಿಲ್ಲ ಎಂದು ಸುಳ್ಳು ಹೇಳಿದೆ.

ವಸುಂಧರಾ