ಕೊನೆಯ ಪುಟದಿಂದ ವಿಚಾರಣೆ ನಡೆಸಿದವರಿಗೆ

ತಾಲ್ಲೂಕಿನ ವಿದ್ಯಾರ್ಥಿನಿಲಯಗಳ ಉಸ್ತುವಾರಿ ಹೊತ್ತ ಮಾನ್ಯರೇ,

ನನ್ನ ಅಕ್ಕನ ಮಗಳು ಕಾವ್ಯಶ್ರೀಯ ದಿಂಬಿನಡಿಯಿಂದ ನಿಮ್ಮವರು ಎತ್ತಿಕೊಂಡು ಹೋದ ಪುಸ್ತಕವನ್ನು ವಾಪಸು ಕೊಡಿ. ಅದು ಗಾಂಜಾ ಪೊಟ್ಟಣವಲ್ಲ. ಜಪಾನಿನವರ ಚಿತ್ರಕಥೆ, ಮಾಂಗಾ ಎನ್ನುತ್ತಾರಂತೆ; ಇಂಗ್ಲಿಷಿನಲ್ಲಿದೆ. ಕೊಪ್ಪದ ಸಂತೆಬೀದಿಯಲ್ಲಿ ಹಳೇ ಪುಸ್ತಕದ ಗಾಡಿಯಿಂದ ಅವಳೇ ಆರಿಸಿಕೊಂಡದ್ದು. ಅದರಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಪಿಯುಸಿ ಹುಡುಗಿಯೊಬ್ಬಳು ಪ್ರೀತಿಯ ಕಥೆ ಓದಿದರೆ ಇಲಾಖೆಗೆ ಚಳಿಜ್ವರ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

ಕಾವ್ಯಶ್ರೀ ಆರು ವರ್ಷದವಳಿದ್ದಾಗ, ಪೋಣಿಸಿಟ್ಟ ಹೊಗೆಸೊಪ್ಪನ್ನು ಆಟವಾಡುತ್ತ ತುಳಿದಳೆಂದು ಅವಳಪ್ಪ ಶಿವಶಂಕರ್ ಅವಳನ್ನು ಖಾಲಿ ಬ್ಯಾರನ್ನಿಗೆ ದಬ್ಬಿ ಚಿಲಕ ಹಾಕಿದ. ಸೊಪ್ಪು ಬೇಯಿಸುವ ಆ ಕಟ್ಟಡದೊಳಗೆ ಹಗಲಲ್ಲೂ ಕತ್ತಲೆಯೇ. ಹಾಕಿದವನು ಹುಣಸೂರಿಗೆ ಹೋದ, ಕುಡಿದ, ಮರೆತ. ಸಂಜೆ ಬಾಗಿಲು ತೆಗೆದಾಗ ಮಗು ಅಳುವುದನ್ನೂ ನಿಲ್ಲಿಸಿತ್ತು. ಮಕ್ಕಳಿಗೆ ಬುದ್ಧಿ ಕಲಿಸದ ಅಪ್ಪ ಯಾರಿದ್ದಾನೆ ಎಂದು ಊರಿನವರು ಮಾತು ಮುಗಿಸಿದರು. ಅಕ್ಕ ತೀರಿಕೊಂಡ ಮೇಲೆ ಅವಳನ್ನು ನಾನೇ ಸಾಕಿದೆ. ಬಚ್ಚಲಿಗೆ ಹೋದರೂ ಬಾಗಿಲು ಹಾಕಿಕೊಳ್ಳಲಾರಳು. ನಾನು ಹೊರಗೆ ನಿಲ್ಲಬೇಕು. ತಾಯಿತ ಕಟ್ಟಿಸಿದೆ, ಡಾಕ್ಟರಿಗೂ ತೋರಿಸಿದೆ. ಆ ದಿನದ ಬಗ್ಗೆ ಮಾತ್ರ ಅವಳು ಒಮ್ಮೆಯೂ ಬಾಯಿ ಬಿಡಲಿಲ್ಲ.

ಈ ಪುಸ್ತಕದ ಹುಡುಗಿಯನ್ನೂ ಚಿಕ್ಕಂದಿನಲ್ಲಿ ಅಪ್ಪ ಉಗ್ರಾಣದಲ್ಲಿ ಕೂಡಿಹಾಕಿದ್ದನಂತೆ. ಅವಳನ್ನು ಮೆಚ್ಚಿದ ಹುಡುಗ ಏನನ್ನೂ ಕೆದಕದೆ, ಮುಟ್ಟದೆ, ಅವಳ ಕೋಣೆಯ ಹೊಸ್ತಿಲಾಚೆ ಸುಮ್ಮನೆ ಕೂರುತ್ತಾನೆ. ದಸರಾ ರಜೆಗೆ ಬಂದವಳು ಆ ಚಿತ್ರ ತೋರಿಸುತ್ತ, "ಇವ್ಳಿಗೂ ನನ್ನಂಗೇ ಆಗದೆ ಕಣ್ ಚಿಕ್ಕವ್ವ. ಬ್ಯಾರನ್ನಾಗೆ ಕೂಗಿ ಕೂಗಿ ನನ್ ಗಂಟ್ಲೇ ಕಟ್ಟೋಯ್ತು. ಯಾರೂ ಬರ್ನಿಲ್ಲ" ಎಂದಳು. ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಒಂದು ಚಿತ್ರದ ಪುಸ್ತಕ ಮಾಡಿದ್ದನ್ನು ನಾವ್ಯಾರೂ ಮಾಡಿರಲಿಲ್ಲ.

ಆಗಲೇ ಶಿವಶಂಕರ್ ಹೇಳಿಕಳಿಸಿದ್ದ: ಕುಡಿತ ಬಿಟ್ಟಿದ್ದೇನೆ, ಮಗಳ ಮುಂದೆ ಒಮ್ಮೆ ತಪ್ಪೊಪ್ಪಿಕೊಳ್ಳಬೇಕು. ಕಾವ್ಯಶ್ರೀ ಓದಿ ನಿಲ್ಲಿಸಿದ ಪುಟದಲ್ಲಿ ಕಥೆಯ ಹುಡುಗಿಯೂ ಅಪ್ಪನ ಮನೆಗೆ ಹೊರಟಿದ್ದಳಂತೆ. "ಅವ್ಳು ಅಪ್ಪನ್ನ ಮಾತಾಡುಸ್ತಾಳಾ ನೋಡ್ಬುಟ್ಟು ಯೋಳ್ತೀನಿ ಬುಡು" ಎಂದು ಪುಸ್ತಕದೊಂದಿಗೆ ಹಾಸ್ಟೆಲ್ಲಿಗೆ ಹೋದಳು. ಕೊನೆಯ ಭಾಗ ಓದುವ ಮೊದಲೇ ನಿಮ್ಮ ತಪಾಸಣೆ ಬಂತು.

ನಿಮ್ಮ ಕಚೇರಿಗೆ ಬಂದು ಕೈಮುಗಿದೆ. ನೀವು ನನ್ನೆದುರೇ ಪುಟ ತಿರುವಿದಿರಿ. "ನೋಡಮ್ಮ, ಶುರುವಿನಲ್ಲೇ ಮುತ್ತು ಕೊಡ್ತಿದಾರೆ. ಕೊನೆಗೆ ನೋಡು, ಕತ್ತಲಲ್ಲಿ ಒಂದು ಮಗು ಅಳ್ತಾ ಇದೆ. ಪ್ರೀತಿ ಅಂತ ಹೋದ್ರೆ ಆಗೋದು ಇದೇ" ಎಂದಿರಿ. ಮಾನ್ಯರೇ, ಜಪಾನಿನವರ ಪುಸ್ತಕ ಬಲಗಡೆಯಿಂದ ತೆರೆಯುತ್ತದೆ. ನೀವು ಕಂಡ ಆರಂಭ ಅದರ ಅಂತ್ಯ. ಆ ಮಗು ಅಳುತ್ತಿದ್ದದ್ದು ಮೊದಲು. ಪ್ರೀತಿ ಬಂದದ್ದು ಆಮೇಲೆ. ನೀವು ತೆರೆದ ಮೊದಲ ಪುಟದಲ್ಲೇ, ತಪ್ಪು ಕಡೆಯಿಂದ ಓದುತ್ತಿದ್ದೀರಿ, ನಿಲ್ಲಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆಯಂತೆ. ಅದನ್ನೂ ಮಗುಚಿ ಮುಂದಕ್ಕೆ ಹೋಗುವ ಧೈರ್ಯ ಅಧಿಕಾರಿಗಳಿಗಲ್ಲದೆ ಇನ್ಯಾರಿಗೆ ಬರಬೇಕು? ನನಗಾಗ ಇದು ಗೊತ್ತಿರಲಿಲ್ಲ; ಆಮೇಲೆ ಮೈಸೂರಿನ ಪುಸ್ತಕದಂಗಡಿಯವರು ಹೇಳಿದ್ದು. ತಲೆತಗ್ಗಿಸಿ ಎದ್ದು ಬಂದೆ.

ಕಾವ್ಯಶ್ರೀ ಈಗ ಹಾಸ್ಟೆಲ್ ಬಿಟ್ಟು ಬಂದು ಮನೆಯಲ್ಲಿದ್ದಾಳೆ. ಬ್ಯಾರನ್ನಿನ ಮಾತನ್ನು ಮತ್ತೆ ಎತ್ತಿಲ್ಲ. ಮೈಸೂರಿನ ಅಂಗಡಿಗಳಲ್ಲಿ ವಿಚಾರಿಸಿದೆ, ಸಿಗಲಿಲ್ಲ. ಮೊಬೈಲಿನಲ್ಲಾದರೂ ಹುಡುಕು ಎಂದರೆ, "ಕೆಟ್ಟ ಪುಸ್ತಕ ಅಂದವ್ರಲ್ಲ, ಬುಡು ಚಿಕ್ಕವ್ವ" ಎನ್ನುತ್ತಾಳೆ. ಪುಸ್ತಕವನ್ನು ಕಿತ್ತುಕೊಂಡದ್ದಕ್ಕಿಂತ ಈ ಮಾತನ್ನು ಅವಳ ಬಾಯಿಗೆ ಹಾಕಿದ್ದು ನನ್ನ ಹೊಟ್ಟೆ ಉರಿಸುತ್ತದೆ. ನಾನೇನು ಮಾಡಲಿ ಎಂದು ನನಗೇ ತೋಚುತ್ತಿಲ್ಲ.

ಭಾನುವಾರ ಅವಳಪ್ಪ ಉತ್ತರ ಕೇಳಿಕೊಂಡು ಬರುತ್ತಾನೆ. ಅಷ್ಟರೊಳಗೆ ಪುಸ್ತಕವನ್ನು ಅವಳ ಕೈಗೇ ಕೊಟ್ಟು, ನಾವು ತಪ್ಪಾಗಿ ಓದಿದೆವು ಎಂದು ಹೇಳಿ. ಅದನ್ನು ಈಗಾಗಲೇ ಸುಟ್ಟಿದ್ದರೆ, ನೀವಾದರೂ ಹನಗೋಡಿಗೆ ಬನ್ನಿ. ಪುಸ್ತಕದ ಹುಡುಗಿ ತನ್ನ ಅಪ್ಪನಿಗೆ ಏನು ಹೇಳಿದಳು ಎಂಬುದನ್ನು ನಮ್ಮ ಹುಡುಗಿಗೆ ತಿಳಿಸಿ. ಆ ಪುಟ ನೋಡಿದವರು ಇಲ್ಲಿ ನೀವೊಬ್ಬರೇ.

ಇಂತಿ,
ಇಂಗ್ಲಿಷ್ ಬಾರದ, ಬೇರೆ ದಾರಿಯೂ ಕಾಣದ
ಮಲ್ಲಾಜಮ್ಮ
ಹನಗೋಡು