ಮಾವನವರು ಕಂಡ ಕಿಲೋಮೀಟರಿನ ಮುಳ್ಳು

೯ ಏಪ್ರಿಲ್ ೧೯೬೨, ಸೋಮವಾರ. ಮುಂಡರಗಿ.

ನಾಳೆಯದೇ ಚಿಂತೆ. ಜೀಪಿನ ಮೈಲಿ ಮೀಟರು ಕೆಟ್ಟಿತ್ತು. ಇವತ್ತು ಗದಗಿನಲ್ಲಿ ಕಿಲೋಮೀಟರಿನದು ಹಾಕಿಸಿ, ಮಾವ ನಿಜಲಿಂಗಪ್ಪನವರನ್ನು ಕೂರಿಸಿಕೊಂಡು ಬಂದೆ. ಹಳೆಯ ಮೀಟರಿನ ಮುಳ್ಳು ಮೂವತ್ತೈದು ದಾಟದ್ದಕ್ಕೆ ಸದಾ ನಗುತ್ತಿದ್ದವರು ಹೊಸದರಲ್ಲಿ ಐವತ್ತಾರು ಕಂಡು ಬೆರಗಾದರು.

“ಈಗ ಗಂಡಸಾದ್ರಿ ನೋಡ್ರಿ, ಅಳಿಯಂದಿರ!”

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಬಂದ ಮೊದಲ ಹೊಗಳಿಕೆ. ಐವತ್ತಾರು ಕಿಲೋಮೀಟರೆಂದರೆ ಅದೇ ಹಳೆಯ ಮೂವತ್ತೈದು ಮೈಲಿ ಎಂದು ಹೇಳಲು ಮನಸ್ಸಾಗಲಿಲ್ಲ. ಊರು ಮುಟ್ಟಿದ್ದೂ ಎಂದಿನ ಹೊತ್ತಿಗೇ.

ಊಟವಾದ ಮೇಲೆ ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ನನ್ನ ಮಗಳ ಮಾರಿ ನೋಡಿಯರ ಸಾವಕಾಶ ಹೊಡೀರಿ. ನಾಳೆ ನನ್ನ ಗದಗಿನ ರೈಲಿಗೆ ಬಿಡಾಕ ಹೋಗುವಾಗ ಮುಳ್ಳು ಇಪ್ಪತ್ತು ದಾಟಬಾರದು. ಆಣಿ ಮಾಡ್ರಿ!”

ಮಾಡಿದೆ.

ಈ ಮೀಟರಿನಲ್ಲಿ ಇಪ್ಪತ್ತೆಂದರೆ ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕುತ್ತಾರೆ. ನಿಜ ಹೇಳಿದರೆ ಹೊಗಳಿಕೆ ಹೋಗುತ್ತದೆ. ಹೇಳದಿದ್ದರೆ ಅವರ ರೈಲು ಹೋಗುತ್ತದೆ. ರೈಲೇ ಹೋಗಲಿ. ಅವರು ಇನ್ನೊಂದು ದಿನ ಇಲ್ಲೇ ಇದ್ದರೆ ಇನ್ನೊಂದು ಹೊಗಳಿಕೆಯೂ ಸಿಕ್ಕೀತು...